ಸಹಾಯ ಬೇಕು: ಆರ್‌ಓ ನೀರಿನ ಟಿಡಿಎಸ್ 90ರಿಂದ 380ಕ್ಕೆ ಏರಿದೆ

ನಮಸ್ಕಾರ. ಪಾವಗಡದ ಕೊಳವೆಬಾವಿ ನೀರು. ಒಳಹರಿವಿನ ಟಿಡಿಎಸ್ (ಕರಗಿದ ಒಟ್ಟು ಲವಣಾಂಶ, ಲೀಟರಿಗೆ ಮಿಲಿಗ್ರಾಂ) 1450, ಗಡಸುತನ 620, ಫ್ಲೋರೈಡ್ ಲೀಟರಿಗೆ 2.4 ಮಿಲಿಗ್ರಾಂ (ಬಿಐಎಸ್ ಗರಿಷ್ಠ ಮಿತಿ 1.5). ಆರ್‌ಓ ಮೆಂಬ್ರೇನ್ (ಲವಣ ತಡೆಯುವ ಪೊರೆ) 75 ಜಿಪಿಡಿ (ದಿನಕ್ಕೆ 75 ಗ್ಯಾಲನ್), ಹಾಕಿ 8 ತಿಂಗಳು. ಮೊದಲು ಶುದ್ಧ ನೀರಿನ ಟಿಡಿಎಸ್ 90 ಇತ್ತು, ಈಗ 380. ಅಂದರೆ ತಡೆಯುವ ಪ್ರಮಾಣ ಶೇ. 94ರಿಂದ 74ಕ್ಕೆ ಇಳಿದಿದೆ. ಇದರಲ್ಲಿ ಫ್ಲೋರೈಡ್ ಎಷ್ಟು ದಾಟುತ್ತಿದೆಯೋ ಎಂಬುದೇ ಚಿಂತೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಲ್ಯಾಬಿಗೆ ಮಾದರಿ ಕೊಟ್ಟಾಗಿದೆ.

ಸೆಡಿಮೆಂಟ್, ಕಾರ್ಬನ್ ಫಿಲ್ಟರ್ ಎರಡೂ ಹೊಸವು. ಟಿಡಿಎಸ್ ಕಂಟ್ರೋಲರ್ ಪೂರ್ತಿ ಮುಚ್ಚಿದೆ, ಹಾಗಾಗಿ ಕಚ್ಚಾ ನೀರು ಬೆರೆಯುತ್ತಿಲ್ಲ. ಪಂಪಿನ ಒತ್ತಡ 70 ಪಿಎಸ್ಐ. ಆದರೆ ವೇಸ್ಟ್ ಪೈಪಿನಲ್ಲಿ ಮೊದಲು ನಿಮಿಷಕ್ಕೆ 450 ಮಿಲಿ ಬರುತ್ತಿದ್ದದ್ದು ಈಗ 150 ಮಾತ್ರ. ಫ್ಲೋ ರಿಸ್ಟ್ರಿಕ್ಟರ್ (ವೇಸ್ಟ್ ನೀರಿನ ಹರಿವನ್ನು ಮಿತಿಗೊಳಿಸುವ ಭಾಗ) ಸುಣ್ಣ ಕಟ್ಟಿ, ಒಳಗೆ ಲವಣ ಸಾಂದ್ರವಾಗಿ ಮೆಂಬ್ರೇನ್ ಮೇಲೂ ಕೂತಿರಬೇಕು ಎಂದು ನನ್ನ ಅಂದಾಜು.

ಶೇ. 2ರ ಸಿಟ್ರಿಕ್ ಆಮ್ಲದಲ್ಲಿ ತೊಳೆದರೆ ಈ ಹಂತದಲ್ಲಿ ಚೇತರಿಸೀತೇ, ಅಥವಾ ಮೆಂಬ್ರೇನ್, ರಿಸ್ಟ್ರಿಕ್ಟರ್ ಎರಡನ್ನೂ ಬದಲಿಸಲೇ? ಮೆಂಬ್ರೇನ್ ಹೌಸಿಂಗಿನ ಓ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಉಂಗುರ) ಸೋರಿದರೂ ಹೀಗೇ ಆಗುತ್ತದಲ್ಲ, ದೋಷ ಅದರದ್ದೋ ಮೆಂಬ್ರೇನಿನದ್ದೋ ಎಂದು ಪತ್ತೆ ಹಚ್ಚುವುದು ಹೇಗೆ? ಈ ಗಡಸುತನಕ್ಕೆ ಆಂಟಿಸ್ಕೇಲಂಟ್ (ಸುಣ್ಣ ಕಟ್ಟದಂತೆ ತಡೆಯುವ) ಕಾರ್ಟ್ರಿಡ್ಜ್ ಸಾಕೋ, ಸಾಫ್ಟ್‌ನರ್ (ಗಡಸುತನ ತೆಗೆಯುವ ಸಾಧನ) ಬೇಕೇ ಬೇಕೋ? ಇಂಥದ್ದೇ ನೀರಿಗೆ ಬಳಸಿದವರು ದಯವಿಟ್ಟು ಅಳತೆ ಸಮೇತ ತಿಳಿಸಿ.