ಮನೆಯೊಳಗೊಂದು ಹೊಲಿಗೆ ಕೋಣೆ: ಯಂತ್ರ ದುರಸ್ತಿಗಾರರಿಗೆ ಸದಸ್ಯರ ಪ್ರಶ್ನೆಗಳು

ನಿರ್ವಾಹಕರು: ಮನೆಯಲ್ಲಿಯೇ ಹೊಲಿಗೆ ಆರಂಭಿಸಿರುವ ಸದಸ್ಯರ ಪ್ರಶ್ನೆಗಳಿಗೆ, ದಾವಣಗೆರೆಯಲ್ಲಿ ಹೊಲಿಗೆ ಯಂತ್ರಗಳ ದುರಸ್ತಿ ಮಾಡುತ್ತಿರುವ ನಮ್ಮ ಗುಂಪಿನ ಹಿರಿಯರು ಇಂದು ಉತ್ತರಿಸಲಿದ್ದಾರೆ. ಪ್ರಶ್ನೆಗಳು ಕೋಣೆ, ಮೇಜು, ಬೆಳಕು, ವಿದ್ಯುತ್ತು ಮತ್ತು ಯಂತ್ರದ ಬಗ್ಗೆ ಮಾತ್ರ ಇರಲಿ.

ತುಮಕೂರಿನ ಸದಸ್ಯೆ: ನಮಸ್ಕಾರ ಸರ್. ಹತ್ತಡಿಗೆ ಹತ್ತಡಿಯ ಕೋಣೆಯೊಂದನ್ನು ಹೊಲಿಗೆಗೆಂದು ಬಿಡಿಸಿಕೊಂಡಿದ್ದೇನೆ. ಕತ್ತರಿಸುವ ಮೇಜು ಎಷ್ಟು ಅಗಲ, ಎಷ್ಟು ಎತ್ತರ ಇರಬೇಕು? ಯಂತ್ರವನ್ನು ಎಲ್ಲಿ ಇಡಲಿ?

ದುರಸ್ತಿಗಾರರು: ನಮಸ್ಕಾರ ಮೇಡಂ. ಮೇಜಿನ ಅಗಲವನ್ನು ಬಟ್ಟೆಯ ಪನ್ನವೇ, ಅಂದರೆ ಬಟ್ಟೆಯ ಅಗಲವೇ ಹೇಳುತ್ತದೆ. 44 ಇಂಚು ಪನ್ನದ ಬಟ್ಟೆ ಮಡಚಿದರೆ 22 ಇಂಚು, 58 ಇಂಚಿನದು 29 ಇಂಚು ಆಗುತ್ತದೆ. ಹಾಗಾಗಿ 30 ಇಂಚು ಅಗಲ, ಆರಡಿ ಉದ್ದ ಸಾಕು. ಹೊಸ ಮೇಜು ಮಾಡಿಸುವುದಕ್ಕಿಂತ 30 ಇಂಚಿನ ಫ್ಲಶ್ ಬಾಗಿಲೊಂದನ್ನು ತಂದು ಗಟ್ಟಿಯಾದ ಎರಡು ಸ್ಟ್ಯಾಂಡುಗಳ ಮೇಲೆ ಮಲಗಿಸಿದರೆ ಖರ್ಚು ಕಡಿಮೆ, ಬಾಗುವುದೂ ಇಲ್ಲ. ಎತ್ತರಕ್ಕೆ ನಿಮ್ಮ ಮೊಣಕೈಯೇ ಅಳತೆ: ನಿಂತು ಕೈ ಮಡಚಿದಾಗ ಮೊಣಕೈ ಇರುವ ಮಟ್ಟಕ್ಕಿಂತ ನಾಲ್ಕು ಇಂಚು ಕೆಳಗೆ ಹಲಗೆ ಬರಬೇಕು. ಐದಡಿ ಎರಡಿಂಚು ಎತ್ತರದವರಿಗೆ ಇದು ಸುಮಾರು 35 ಇಂಚು. ಊಟದ ಮೇಜಿನ 30 ಇಂಚು ಎತ್ತರದಲ್ಲಿ ದಿನವಿಡೀ ಬಗ್ಗಿ ಕತ್ತರಿಸುವವರಿಗೆ ಸೊಂಟ ನೋವು ಬರದೆ ಇರುವುದಿಲ್ಲ.

ಯಂತ್ರದ ಎಡಗಡೆಯನ್ನು ಗೋಡೆಗೆ ಒತ್ತಿ ಇಡಬೇಡಿ. ಸೂಜಿಯ ಬಲಕ್ಕೆ ಯಂತ್ರದ ತೋಳು ಇರುವುದರಿಂದ ಬಟ್ಟೆಯ ಭಾರವೆಲ್ಲ ಎಡಕ್ಕೇ ಬೀಳುತ್ತದೆ. ಅಲ್ಲಿ ಎರಡೂವರೆ ಅಡಿ ಹಲಗೆ ಇಲ್ಲದಿದ್ದರೆ ಸೀರೆಗೆ ಫಾಲ್ ಹಾಕುವಾಗ ಬಟ್ಟೆ ಕೆಳಗೆ ಜಗ್ಗುತ್ತದೆ, ಹೊಲಿಗೆ ಸೊಟ್ಟಗಾಗುತ್ತದೆ, ಸೂಜಿಯೂ ಮುರಿಯುತ್ತದೆ. ಹೀಗಾದವರು ಯಂತ್ರವೇ ಕೆಟ್ಟಿದೆ ಎಂದು ನನ್ನಲ್ಲಿಗೆ ತರುತ್ತಾರೆ.

ಮೈಸೂರಿನ ಸದಸ್ಯೆ: ಸರ್, ಕತ್ತರಿಸುವ ಮೇಜಿನ ಎತ್ತರ ಎಷ್ಟಿರಬೇಕು?

ದುರಸ್ತಿಗಾರರು: ಮೇಲೆ ಬರೆದಿದ್ದೇನೆ.

ಹುಬ್ಬಳ್ಳಿಯ ಸದಸ್ಯ: ನಮ್ಮ ಮನೆಗೆ ಗೃಹಜ್ಯೋತಿ ಸೌಲಭ್ಯವಿದೆ. ಮನೆಯವರು ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯಲು ಆರಂಭಿಸಿದರೆ ಬೇರೆ ಮೀಟರ್ ಹಾಕಿಸಬೇಕಾಗುತ್ತದೆಯೇ?

ಸಾಗರದ ಸದಸ್ಯೆ: ಸರ್, ನಮ್ಮ ಅತ್ತೆಯವರ ಕಾಲದ ಕಾಲುಯಂತ್ರಕ್ಕೆ ಹೋದ ವರ್ಷ ಪುಟ್ಟ ಮೋಟರ್ ಹಾಕಿಸಿದೆವು. ಮಳೆ ಹಿಡಿದಾಗಿನಿಂದ ಯಂತ್ರದ ಗಾಲಿ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಪೆಡಲ್ ಒತ್ತದೆ ಇರುವಾಗಲೂ ಹಾಗೆಯೇ ಆಗುತ್ತದೆ. ಕೋಣೆಗೆ ರೆಡ್‌ಆಕ್ಸೈಡ್ ನೆಲವಿದೆ. ಹಾಲ್‌ನಿಂದ ಎಳೆದು ತಂದ ಎಕ್ಸ್‌ಟೆನ್ಷನ್ ಬಾಕ್ಸಿಗೆ ಯಂತ್ರ, ಇಸ್ತ್ರಿಪೆಟ್ಟಿಗೆ ಎರಡನ್ನೂ ಹಾಕಿದ್ದೇವೆ. ಚಪ್ಪಲಿ ಹಾಕಿಕೊಂಡರೆ ಜುಮ್ಮೆನ್ನುವುದಿಲ್ಲ. ಇದಕ್ಕೆ ಏನಾದರೂ ಮಾಡಬೇಕೇ?

ದುರಸ್ತಿಗಾರರು: ಅಮ್ಮಾ, ಮುಂದಿನದನ್ನು ಓದುವ ಮೊದಲು ಆ ಪ್ಲಗ್ ಕಿತ್ತು ಬನ್ನಿ. ಮನೆಯಲ್ಲಿ ಮಕ್ಕಳಿದ್ದರೆ ಕೋಣೆಯ ಬಾಗಿಲನ್ನೂ ಹಾಕಿ.

ಸಾಗರದ ಸದಸ್ಯೆ: ತೆಗೆದಿದ್ದೇನೆ ಸರ್. ಮೂರು ವರ್ಷದ ಮಗಳಿದ್ದಾಳೆ.

ದುರಸ್ತಿಗಾರರು: ಒಳ್ಳೆಯದಾಯಿತು. ಈಗ ವಿವರವಾಗಿ ಬರೆಯುತ್ತೇನೆ, ಎಲ್ಲರೂ ಓದಿಕೊಳ್ಳಿ, ಏಕೆಂದರೆ ಹಳೆಯ ಕಾಲುಯಂತ್ರಕ್ಕೆ ಮೋಟರ್ ಹಾಕಿಸಿದ ಮನೆಗಳಲ್ಲಿ ನಾನು ಪದೇ ಪದೇ ನೋಡುವ ತೊಂದರೆ ಇದು.

ಕಾಲುಯಂತ್ರ ತಯಾರಾದಾಗ ಅದಕ್ಕೆ ವಿದ್ಯುತ್ತಿನ ಗೊಡವೆಯೇ ಇರಲಿಲ್ಲ. ಅದರ ತಲೆ, ಗಾಲಿ, ಕಾಲು ಎಲ್ಲವೂ ಎರಕದ ಕಬ್ಬಿಣ. ಆ ಕಬ್ಬಿಣಕ್ಕೆ ಬ್ರ್ಯಾಕೆಟ್ ಹಾಕಿ ಮೋಟರ್ ಬಿಗಿಯುತ್ತಾರೆ, ಎರಡು ಪಿನ್ನಿನ ವೈರ್ ಕೊಟ್ಟು ಹೋಗುತ್ತಾರೆ. ಮೋಟರಿನೊಳಗೆ ಕಾರ್ಬನ್ ತುಂಡುಗಳು ಸವೆದು ಪುಡಿಯಾಗುತ್ತವೆ. ಆ ಪುಡಿಗೆ ಬಟ್ಟೆಯ ಜುಂಗು, ಮೇಲಿನಿಂದ ಸೋರಿದ ಎಣ್ಣೆ ಸೇರಿ ಕಪ್ಪು ಅಂಟಾಗುತ್ತದೆ. ಮೊನ್ನೆ ಬಿಚ್ಚಿದ ಒಂದು ಮೋಟರಿನಲ್ಲಿ ಈ ಅಂಟು ವೈಂಡಿಂಗ್‌ನಿಂದ ಹೊರಕವಚದವರೆಗೂ ಬೆರಳಿನಷ್ಟು ದಪ್ಪ ಹಿಡಿದಿತ್ತು. ಬೇಸಿಗೆಯಲ್ಲಿ ಅದು ಒಣಗಿರುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ತೇವ ಹೀರಿಕೊಂಡು ಕರೆಂಟಿಗೆ ದಾರಿ ಕೊಡುತ್ತದೆ. ಮಳೆ ಹಿಡಿದಾಗಿನಿಂದ ಎಂದು ನೀವು ಬರೆದದ್ದು ಅದಕ್ಕೇ ಮುಖ್ಯ.

ಪೆಡಲ್ ಒತ್ತದಿದ್ದರೂ ಜುಮ್ಮೆನ್ನುವುದಕ್ಕೆ ಕಾರಣವಿದೆ. ಪೆಡಲ್ ಎರಡು ತಂತಿಗಳ ಪೈಕಿ ಒಂದನ್ನು ಮಾತ್ರ ಕಡಿಯುತ್ತದೆ. ಕಡಿಯದ ತಂತಿಯ ಕಡೆಗೆ ಫೇಸ್ ಬಂದಿದ್ದರೆ ಯಂತ್ರ ನಿಂತಿದ್ದಾಗಲೂ ಮೋಟರಿನೊಳಗೆ 230 ವೋಲ್ಟ್ ಕಾದು ಕುಳಿತಿರುತ್ತದೆ. ಇಂದು ಜುಮ್ಮೆನ್ನುವುದು ನಾಳೆ ಒದ್ದೆ ಕೈಯಲ್ಲಿ ಮುಟ್ಟಿದಾಗ ಅಷ್ಟಕ್ಕೇ ನಿಲ್ಲುತ್ತದೆ ಎಂದು ಯಾರೂ ಭರವಸೆ ಕೊಡಲಾಗದು.

ಮಾಡಬೇಕಾದದ್ದು ಇಷ್ಟು. ಮೋಟರನ್ನು ಬಿಚ್ಚಿಸಿ, ಕರೆಂಟು ಸೋರುತ್ತಿದೆಯೇ ಎಂದು ಅಳೆಯುವ ಮೆಗ್ಗರ್ ಹಾಕಿ ಪರೀಕ್ಷಿಸಿ. ಸೋರುತ್ತಿದ್ದರೆ ಬದಲಿಸಿ, ಒರೆಸಿ ಮತ್ತೆ ಹಾಕಬೇಡಿ. ಹೊಸ ಮೋಟರಿಗೆ ಮೂರು ಎಳೆಯ ವೈರ್ ಹಾಕಿಸಿ, ಹಸಿರು ಎಳೆಯನ್ನು ಯಂತ್ರದ ಕಬ್ಬಿಣಕ್ಕೆ, ಬಣ್ಣ ಕೆರೆದ ಜಾಗದಲ್ಲಿ, ಸ್ಕ್ರೂ ಹಾಕಿ ಬಿಗಿಸಿ. ಆ ಹಸಿರು ಎಳೆ ಸಾಕೆಟ್ಟಿನ ದೊಡ್ಡ ರಂಧ್ರದ ಮೂಲಕ ನಿಜವಾಗಿಯೂ ಭೂಮಿಗೆ ಹೋಗುತ್ತಿದೆಯೇ ಎಂದು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಅವರಿಂದ ನೋಡಿಸಿ. ಹಳೆಯ ಮನೆಗಳಲ್ಲಿ ಆ ರಂಧ್ರದ ಹಿಂದೆ ತಂತಿಯೇ ಇರದಿರುವುದು ಸಾಮಾನ್ಯ. ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಹೋದಷ್ಟು ಕರೆಂಟು ಹಿಂದಿರುಗದಿದ್ದರೆ ಅದು ತಕ್ಷಣ ಕಡಿಯುತ್ತದೆ.

ಇಸ್ತ್ರಿಪೆಟ್ಟಿಗೆಗೆ ಗೋಡೆಯಲ್ಲಿಯೇ 16 ಆಂಪಿಯರಿನ ಪ್ರತ್ಯೇಕ ಸಾಕೆಟ್ ಬೇಕು. 6 ಆಂಪಿಯರಿನ ಸಾಕೆಟ್ ಹೆಚ್ಚೆಂದರೆ 1380 ವ್ಯಾಟ್ ತಾಳುತ್ತದೆ. ಹಬೆ ಇಸ್ತ್ರಿಪೆಟ್ಟಿಗೆಗಳಲ್ಲಿ ಅದಕ್ಕಿಂತ ಹೆಚ್ಚು ಎಳೆಯುವವು ಇವೆ.

ಬೆಂಗಳೂರಿನ ಸದಸ್ಯ: ಇಷ್ಟೆಲ್ಲ ಖರ್ಚು ಬೇಕಿಲ್ಲ. ಪ್ಲಗ್ಗನ್ನು ತಿರುಗಿಸಿ ಹಾಕಿದರೆ ಜುಮ್ಮೆನ್ನುವುದು ನಿಲ್ಲುತ್ತದೆ. ಕಾಲಿನ ಕೆಳಗೆ ಒಣ ಗೋಣಿಚೀಲ ಹಾಕಿಕೊಳ್ಳಿ ಎಂದು ಬೇರೆ ಗುಂಪಿನಲ್ಲಿ ಬಂದ ಸಂದೇಶವನ್ನು ಇಲ್ಲಿ ಹಾಕಿದ್ದೇನೆ. ಸಾಕೆಟ್ಟಿನಲ್ಲಿ ಅರ್ತ್ ಇಲ್ಲದಿದ್ದರೆ ಅದನ್ನು ನ್ಯೂಟ್ರಲ್‌ಗೆ ಸೇರಿಸಿದರೂ ಆಗುತ್ತದೆ.

ದುರಸ್ತಿಗಾರರು: ಈ ಸಂದೇಶವನ್ನು ದಯವಿಟ್ಟು ಅಳಿಸಿ. ಪ್ಲಗ್ ತಿರುಗಿಸಿದರೆ ಸೋರುವ ಜಾಗಕ್ಕೆ ನ್ಯೂಟ್ರಲ್ ಬರುವುದರಿಂದ ಜುಮ್ಮೆನ್ನುವುದು ಕಡಿಮೆಯಾಗುತ್ತದೆ, ಸೋರಿಕೆ ಹಾಗೆಯೇ ಉಳಿದಿರುತ್ತದೆ. ಗೋಣಿಚೀಲದ ಮೇಲೆ ಕುಳಿತವರು ಇನ್ನೊಂದು ಕೈಯಲ್ಲಿ ಕಬ್ಬಿಣದ ಬೀರುವನ್ನೋ ಒದ್ದೆ ಗೋಡೆಯನ್ನೋ ಮುಟ್ಟಿದರೆ ಕರೆಂಟು ಎದೆಯ ಮೂಲಕವೇ ಹಾಯುತ್ತದೆ. ಇನ್ನು ಅರ್ತನ್ನು ನ್ಯೂಟ್ರಲ್‌ಗೆ ಸೇರಿಸುವುದು ಎಲ್ಲಕ್ಕಿಂತ ಕೆಟ್ಟದ್ದು: ಎಲ್ಲಾದರೂ ನ್ಯೂಟ್ರಲ್ ತಂತಿ ಕಡಿದುಹೋದ ಕ್ಷಣದಲ್ಲಿ ಯಂತ್ರದ ಇಡೀ ಮೈಗೆ ಪೂರ್ತಿ 230 ವೋಲ್ಟ್ ಬಂದು ನಿಲ್ಲುತ್ತದೆ.

ಬೆಂಗಳೂರಿನ ಸದಸ್ಯ: ನಮ್ಮ ಮನೆಯಲ್ಲಿ ಹನ್ನೆರಡು ವರ್ಷಗಳಿಂದ ಹಾಗೆಯೇ ಇದೆ, ಏನೂ ಆಗಿಲ್ಲ.

ದುರಸ್ತಿಗಾರರು: ಹಾಗಿದ್ದರೆ ಇಂದೇ ತೆಗೆಸಿ.

ಮಂಗಳೂರಿನ ಸದಸ್ಯೆ: ಯಂತ್ರಕ್ಕೆ ತೆಂಗಿನೆಣ್ಣೆ ಬಿಡಬಹುದೇ? ನಮ್ಮಲ್ಲಿ ಚಳಿ ಇಲ್ಲದ ಕಾರಣ ಎಣ್ಣೆ ಗಟ್ಟಿಯಾಗುವುದಿಲ್ಲ.

ದುರಸ್ತಿಗಾರರು: ಬಿಡಬಾರದು. ಗಟ್ಟಿಯಾಗುವುದಷ್ಟೇ ತೊಂದರೆಯಲ್ಲ, ಅದು ಜುಂಗಿನೊಂದಿಗೆ ಸೇರಿ ಅಂಟಾಗುತ್ತದೆ. ಬಣ್ಣವಿಲ್ಲದ ಮಷಿನ್ ಎಣ್ಣೆಯನ್ನೇ ಬಿಡಿ.

ಕೊಪ್ಪಳದ ಸದಸ್ಯ: ಸೀಮೆಎಣ್ಣೆ?

ದುರಸ್ತಿಗಾರರು: ಬೇಡ. ಇಸ್ತ್ರಿಪೆಟ್ಟಿಗೆ ಇರುವ ಕೋಣೆಗೆ ಅದನ್ನು ತರಲೇಬೇಡಿ.

ಮೈಸೂರಿನ ಸದಸ್ಯೆ: ಯಂತ್ರದ ಮುಂದೆ ಕುಳಿತವರ ಮುಖ ಪೂರ್ವಕ್ಕೆ ಇರಬೇಕು ಎಂದು ನಮ್ಮ ಮನೆಯ ಹಿರಿಯರು ಹೇಳುತ್ತಾರೆ. ಹಾಗೆ ಇಟ್ಟರೆ ಯಂತ್ರದ ಎಡಭಾಗ ಗೋಡೆಗೆ ತಾಗುತ್ತದೆ.

ಧಾರವಾಡದ ಸದಸ್ಯೆ: ದಿಕ್ಕಿಗಿಂತ ಬೆಳಕು ಮುಖ್ಯ ಅಕ್ಕ. ಉತ್ತರದ ಕಿಟಕಿಯ ಬೆಳಕು ದಿನವಿಡೀ ಒಂದೇ ಸಮನಾಗಿರುತ್ತದೆ, ದಾರದ ಬಣ್ಣ ಹೊಂದಿಸಲು ಅದೇ ಸರಿ.

ಮೈಸೂರಿನ ಸದಸ್ಯೆ: ಹಿರಿಯರ ಮಾತಿಗೆ ಬೆಲೆ ಇಲ್ಲವೆಂದು ನಾನು ಒಪ್ಪುವುದಿಲ್ಲ.

ಧಾರವಾಡದ ಸದಸ್ಯೆ: ಬೆಲೆ ಇಲ್ಲವೆಂದು ನಾನು ಹೇಳಿಯೇ ಇಲ್ಲ. ನಾನು ಬರೆಯದ ಮಾತನ್ನು ನನ್ನ ಬಾಯಿಗೆ ತುರುಕಬೇಡಿ.

ತುಮಕೂರಿನ ಸದಸ್ಯೆ: ಉತ್ತರದ ಗೋಡೆಯಿಂದ ಮೇಜನ್ನು ಕೋಣೆಯ ನಡುವಿಗೆ ಸರಿಸಿದರೆ ಇಬ್ಬರ ಮಾತೂ ನಡೆಯುತ್ತದೆಯಲ್ಲವೇ?

ಮೈಸೂರಿನ ಸದಸ್ಯೆ: ನಮ್ಮ ಕೋಣೆಯಲ್ಲಿ ಅಷ್ಟು ಜಾಗವಿದ್ದಿದ್ದರೆ ನಾನು ಕೇಳುತ್ತಲೇ ಇರಲಿಲ್ಲ.

ನಿರ್ವಾಹಕರು: ವಾಸ್ತುವಿನ ಚರ್ಚೆಯನ್ನು ಇಲ್ಲಿಗೆ ನಿಲ್ಲಿಸಬೇಕೆಂದು ಕೋರುತ್ತೇನೆ.

ದುರಸ್ತಿಗಾರರು: ಬೆಳಕಿನ ಬಗ್ಗೆ ಒಂದು ಮಾತು. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅದೊಂದೇ ಬೆಳಕಿನಲ್ಲಿ ವೇಗವಾಗಿ ತಿರುಗುವ ಗಾಲಿ ನಿಂತಂತೆ ಕಾಣಬಹುದು, ನಿಂತಿದೆಯೆಂದು ಕೈ ಹಾಕುವವರಿದ್ದಾರೆ. ಸೂಜಿಯ ಹತ್ತಿರ ಎಡಗಡೆಯಿಂದ ಬೀಳುವ ಪುಟ್ಟ ಎಲ್ಇಡಿ ದೀಪವೊಂದನ್ನು ಹಾಕಿಸಿಕೊಳ್ಳಿ.

ಬೆಂಗಳೂರಿನ ಸದಸ್ಯೆ: ಮೂರನೆಯ ಮಹಡಿಯ ಫ್ಲಾಟಿನಲ್ಲಿ ಕಾರ್ಖಾನೆಯ ಜೂಕಿ ಯಂತ್ರ ಹಾಕಿದ್ದೇನೆ. ಕೆಳಗಿನ ಮನೆಯವರು ಸದ್ದು ಎಂದು ದೂರುತ್ತಿದ್ದಾರೆ.

ದುರಸ್ತಿಗಾರರು: ಕ್ಲಚ್ ಮೋಟರ್ ಇದ್ದರೆ ತೆಗೆದು ಸರ್ವೋ ಮೋಟರ್ ಹಾಕಿಸಿ. ಕ್ಲಚ್ ಮೋಟರ್ ನೀವು ಹೊಲಿಯದಿದ್ದಾಗಲೂ ತಿರುಗುತ್ತಲೇ ಇರುತ್ತದೆ, ಸರ್ವೋ ನೀವು ಒತ್ತಿದಾಗ ಮಾತ್ರ ತಿರುಗುತ್ತದೆ; ಸದ್ದು, ಬಿಲ್ಲು ಎರಡೂ ಇಳಿಯುತ್ತವೆ. ಸ್ಟ್ಯಾಂಡಿನ ಕಾಲುಗಳಿಗೆ ದಪ್ಪ ರಬ್ಬರ್ ಕೊಡಿ.

ಹುಬ್ಬಳ್ಳಿಯ ಸದಸ್ಯ: ಮೀಟರಿನ ಬಗ್ಗೆ ಕೇಳಿದ ನನ್ನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಪ್ರಶ್ನೆ ಕೇಳಿ ಎಂದು ಕರೆದ ಮೇಲೆ ಕೆಲವರಿಗೆ ಪುಟಗಟ್ಟಲೆ ಬರೆದು ಕೆಲವರನ್ನು ಗಮನಿಸದಿರುವುದು ಸರಿಯಲ್ಲ.

ರಾಯಚೂರಿನ ಸದಸ್ಯೆ: ಸರ್, ಮೇಜಿನ ಎತ್ತರ ಎಷ್ಟಿರಬೇಕು?

ದುರಸ್ತಿಗಾರರು: ಮೂರನೆಯ ಸಲ ಕೇಳುತ್ತಿದ್ದೀರಿ. ಮೇಲೆ ಹೋಗಿ ಓದಿ.

ರಾಯಚೂರಿನ ಸದಸ್ಯೆ: ನಾನು ಕೇಳಿದ್ದು ಇದೇ ಮೊದಲು ಸರ್. ಈಗಷ್ಟೇ ಗುಂಪಿಗೆ ಸೇರಿದ್ದೇನೆ, ಹಿಂದಿನ ಸಂದೇಶಗಳು ನನಗೆ ಕಾಣುತ್ತಿಲ್ಲ.

ತುಮಕೂರಿನ ಸದಸ್ಯೆ: ನಿಮ್ಮ ಮೊಣಕೈಗಿಂತ ನಾಲ್ಕು ಇಂಚು ಕೆಳಗೆ ಇರಲಿ ಅಕ್ಕ. ನನಗೆ 35 ಇಂಚು ಸರಿಹೋಗುತ್ತದೆ.

ಸಾಗರದ ಸದಸ್ಯೆ: ಸರ್, ಸಂಜೆ ಎಲೆಕ್ಟ್ರಿಷಿಯನ್ ಬಂದಿದ್ದರು. ನೀವು ಹೇಳಿದಂತೆಯೇ ಸಾಕೆಟ್ಟಿನ ಹಿಂದೆ ಅರ್ತ್ ತಂತಿಯೇ ಇರಲಿಲ್ಲ. ನಾಳೆ ಅರ್ತಿನ ಗುಂಡಿಯಿಂದಲೇ ಹೊಸದಾಗಿ ಎಳೆಯುತ್ತಾರೆ, ಆರ್‌ಸಿಸಿಬಿಯನ್ನೂ ಹಾಕುತ್ತಾರೆ. ಮೋಟರನ್ನು ಒಣಗಿಸಿದರೆ ಸದ್ಯಕ್ಕೆ ನಡೆಯುತ್ತದೆ ಎಂದರು. ಗೌರಿ ಹಬ್ಬಕ್ಕೆ ಕೊಡಬೇಕಾದ ರವಿಕೆಗಳು ಹದಿನಾಲ್ಕು ಬಾಕಿ ಇವೆ.

ದುರಸ್ತಿಗಾರರು: ಒಣಗಿಸಿದ ಮೋಟರ್ ಮುಂದಿನ ಮಳೆಗೆ ಮತ್ತೆ ತೇವ ಹೀರುತ್ತದೆ, ಅದನ್ನು ಹಾಕಬೇಡಿ. ಮೋಟರಿನ ಬೆಲ್ಟ್ ಕಳಚಿ, ಬ್ರ್ಯಾಕೆಟ್ ಸಮೇತ ಬಿಚ್ಚಿಟ್ಟು, ಕಾಲುಯಂತ್ರದ ಹಳೆಯ ಚರ್ಮದ ಪಟ್ಟಿಯನ್ನೇ ಗಾಲಿಗೆ ಹಾಕಿ ಆ ಹದಿನಾಲ್ಕನ್ನೂ ಕಾಲಿನಲ್ಲಿಯೇ ಹೊಲಿದು ಮುಗಿಸಿ. ಪಟ್ಟಿ ಸಡಿಲವಾಗಿದ್ದರೆ ಅರ್ಧ ಇಂಚು ಕತ್ತರಿಸಿ ಮತ್ತೆ ಕೊಂಡಿ ಹಾಕಿ. ಹಬ್ಬ ಮುಗಿದ ಮೇಲೆ ಯಂತ್ರದ ತಲೆಯನ್ನು ಬಸ್ಸಿನಲ್ಲಿ ಕಳುಹಿಸಿ, ಹೊಸ ಮೋಟರನ್ನು ಹಸಿರು ಎಳೆಯ ಸಮೇತ ನಾನೇ ಕೂರಿಸಿ ಕಳುಹಿಸುತ್ತೇನೆ.