ಅನುಭವ ಹಂಚಿಕೊಳ್ಳಿ: ತೂಫಾನಿಗೆ ಮೊದಲು ಹಂಚು ತೆಗೆದು ತಗಡಿನ ಶೀಟ್ ಹಾಕಿಸಬೇಕೋ? ದೋಣಿ ಎಲ್ಲಿ ಇಡಬೇಕು? (ಬರೆದವರ ಹೆಸರಿನ ಬದಲು ಅವರವರ ಊರು)

ತದಡಿ (ಪ್ರಶ್ನೆ): ಮನೆ ಅಘನಾಶಿನಿ ಅಳಿವೆಯಿಂದ ಸುಮಾರು 200 ಮೀಟರ್. ಒಳಮನೆಗೆ ಹಂಚು, ಚಾವಡಿಗೆ ಶೀಟ್. 22 ಅಡಿಯ ಫೈಬರ್ ದೋಣಿ, 9.9 ಎಚ್‌ಪಿ ಎಂಜಿನ್. ವಯಸ್ಸಾದ ಅಮ್ಮ ಮನೆಯಲ್ಲಿದ್ದಾರೆ. ಕೆಲವರು ಮೇ ತಿಂಗಳೊಳಗೆ ಹಂಚು ಇಳಿಸಿ ಪೂರ್ತಿ ಶೀಟ್ ಮಾಡಿಸಿ ಎನ್ನುತ್ತಿದ್ದಾರೆ. ಮಾಡಿಸಿದವರು ದಯವಿಟ್ಟು ಹೇಳಿ. ರೆಡ್ ಅಲರ್ಟ್ ಬಂದಾಗಲೆಲ್ಲ ಮನೆ ಬಿಡಬೇಕೋ ಎಂಬುದೂ ಗೊತ್ತಾಗುತ್ತಿಲ್ಲ.

ಕಾಸರಕೋಡ: ಹಂಚು ಇಳಿಸಬೇಡಿ. ನಾನು ಇಳಿಸಿದೆ, ಇವತ್ತಿಗೂ ಹೊಟ್ಟೆ ಉರಿಯುತ್ತದೆ. 850 ಚದರಡಿ ಮಾಡಿಗೆ ಪೈಪು, ಶೀಟ್, ಕೂಲಿ ಎಲ್ಲ ಸೇರಿ 1,62,000. 2021ರ ಮೇ, ತೌಕ್ತೆ ತೂಫಾನು ಕರಾವಳಿಯ ಪಕ್ಕದಲ್ಲಿ ಹಾದು ಹೋಗಿದ್ದಷ್ಟೇ, ಪಡುವಣ ಅಂಚಿನ 9 ಶೀಟ್ ಹೋದವು. ಶೀಟ್ 15,300, ಸ್ಕ್ರೂ 700, ಟೆಂಪೋ 1,200, ವೆಲ್ಡರ್ 4,500, ಅವನು ಬರುವವರೆಗೆ ಹೊದಿಸಿದ ತಾಡಪಾಲು 2,400. ಒಟ್ಟು 24,100. ಹಾನಿ ಶೇ 15ಕ್ಕಿಂತ ಕಡಿಮೆ ಎಂದು ಬರೆದುಕೊಂಡು ಹೋದರು, ಪರಿಹಾರ ಒಂದು ಪೈಸೆ ಇಲ್ಲ.

ಲೆಕ್ಕ ನೋಡಿ. ಗಂಟೆಗೆ 60 ಕಿ.ಮೀ. ಗಾಳಿ ಒಂದು ಚದರ ಮೀಟರಿಗೆ ಸುಮಾರು 17 ಕಿಲೋ ಒತ್ತುತ್ತದೆ. 100 ಕಿ.ಮೀ. ಆದರೆ 47 ಕಿಲೋ. ವೇಗ ದುಪ್ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಮಾಡಿನ ಅಂಚು, ಮೂಲೆಗಳಲ್ಲಿ ಅದು ಒತ್ತುವುದಿಲ್ಲ, ಮೇಲಕ್ಕೆ ಹೀರುತ್ತದೆ. ಹಂಚಿನ ಮಾಡು ಚದರ ಮೀಟರಿಗೆ 40 ಕಿಲೋ ಹತ್ತಿರ ತೂಗುತ್ತದೆ, ಅರ್ಧ ಮಿ.ಮೀ. ಶೀಟ್ 4 ಕಿಲೋ ಚಿಲ್ಲರೆ.

ಬೈತಖೋಲ: ಅರ್ಧ ಲೆಕ್ಕ ಹೇಳಿ ಹೆದರಿಸಬೇಡಿ ಮಾರಾಯ್ರೆ. ಶೀಟ್ ತೂಕದಿಂದ ನಿಲ್ಲುವುದಲ್ಲ, ಸ್ಕ್ರೂದಿಂದ ನಿಲ್ಲುವುದು. ನಿಮ್ಮ ಅಂಚಿನಲ್ಲಿ ಎರಡು ಉಬ್ಬು ಬಿಟ್ಟು ಒಂದು ಸ್ಕ್ರೂ ಹೊಡೆದಿರಬೇಕು. ನಮ್ಮದು ಹೀಗೆ: ಅಂಚಿನ ನಾಲ್ಕಡಿಯಲ್ಲಿ ಪ್ರತಿ ಉಬ್ಬಿಗೂ ಸ್ಕ್ರೂ, ನಡುವೆ ಒಂದು ಬಿಟ್ಟು ಒಂದು. ಅಡ್ಡ ಪೈಪು ನಡುವೆ ಮೂರಡಿಗೊಂದು, ಅಂಚಿನಲ್ಲಿ ಎರಡಡಿಗೊಂದು. ಸೂರು ಗೋಡೆಯಿಂದ ಒಂದೂವರೆ ಅಡಿಗಿಂತ ಹೊರಗೆ ಚಾಚಿಲ್ಲ, ಎರಡೂವರೆ ಅಡಿ ಚಾಚಿದರೆ ಗಾಳಿಗೆ ನೀವೇ ಹಿಡಿಕೆ ಕೊಟ್ಟಂತೆ. ಪೈಪನ್ನು ಗೋಡೆಯ ಮೇಲೆ ಸುಮ್ಮನೆ ಇಟ್ಟಿಲ್ಲ, ಚಿರೆಕಲ್ಲಿನ ಮೇಲೆ ಕಾಂಕ್ರೀಟ್ ಬೆಲ್ಟ್ ಹಾಕಿ ಅದರೊಳಗಿನ ಸರಳಿಗೆ ವೆಲ್ಡ್ ಮಾಡಿಸಿದ್ದು. ಆ ಬೆಲ್ಟಿಗೇ 38,000 ಬಿತ್ತು. ಅದನ್ನು ಉಳಿಸಲು ಹೋದವರ ಮಾಡು ಪೈಪಿನ ಸಮೇತ ಹೋಗುತ್ತದೆ.

ಇನ್ನೊಂದು, ಕಡಲಗಾಳಿಗೆ ಸ್ಕ್ರೂ ತಲೆ ಮೂರು ವರ್ಷಕ್ಕೆ ತುಕ್ಕು. ತಲೆಯಡಿಯ ರಬ್ಬರ್ ವಾಶರ್ ಬಿರುಕು ಬಿಟ್ಟಿದ್ದನ್ನು ಕೆಳಗಿನಿಂದ ನೋಡಿದರೆ ಕಾಣುವುದಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಏಣಿ ಹಾಕಿ ಒಂದೊಂದನ್ನೂ ಬೆರಳಲ್ಲಿ ತಿರುಗಿಸಿ ನೋಡಿ. ತಿರುಗಿದರೆ ಬದಲಿಸಿ. ಅದೇ ತೂತಿಗೆ ಅದೇ ದಪ್ಪದ್ದು ಹಾಕಿದರೆ ಹಿಡಿಯುವುದಿಲ್ಲ, ಒಂದು ಸೈಜ್ ದಪ್ಪ ಬೇಕು.

ಮತ್ತೆ, ಹಾರಿದ ಮೂರು ಕಿಲೋ ಹಂಚು ಯಾರ ತಲೆಯ ಮೇಲೆ ಬೀಳುತ್ತದೆ ಎಂಬ ಲೆಕ್ಕ ನಿಮ್ಮಲ್ಲಿ ಇಲ್ಲವಲ್ಲ?

ಕಾಸರಕೋಡ: ಕಟ್ಟಿದ ಹಂಚು ಹಾರುವುದಿಲ್ಲ. ಹಂಚಿನ ಅಡಿಯಲ್ಲಿ ತಂತಿಗೆಂದೇ ತೂತು ಇರುತ್ತದೆ, ನಮ್ಮ ಕಡೆ ಯಾರೂ ಅದನ್ನು ಬಳಸುವುದೇ ಇಲ್ಲ. ಸೂರಿನಿಂದ ಮೇಲಕ್ಕೆ ಮೂರು ಸಾಲು, ಮಾಡಿನ ನೆತ್ತಿಯ ಮೂಳಿ ಹಂಚಿನ ಎರಡೂ ಬದಿ ಎರಡೆರಡು ಸಾಲು, ಎರಡೂ ತುದಿಯ ಸಾಲುಗಳು, ಇಷ್ಟನ್ನು ರೀಪಿಗೆ (ಹಂಚು ಕೂರುವ ಮರದ ಪಟ್ಟಿಗೆ) ತಂತಿಯಿಂದ ಬಿಗಿದರೆ ಸಾಕು. ಬೈಂಡಿಂಗ್ ವೈರ್ ಬೇಡ, ಎರಡು ಮಳೆಗಾಲಕ್ಕೆ ಉದುರುತ್ತದೆ. ತಾಮ್ರ ಅಥವಾ ಸ್ಟೇನ್‌ಲೆಸ್ ತಂತಿ. ರೀಪು ಗೆದ್ದಲು ತಿಂದಿದ್ದರೆ ಕಟ್ಟಿ ಉಪಯೋಗವಿಲ್ಲ, ಮೊದಲು ರೀಪು.

ನನ್ನ 1,62,000ದಲ್ಲಿ ಇಂಥ ನಾಲ್ಕು ಮಾಡು ಭದ್ರ ಮಾಡಬಹುದಿತ್ತು.

ಬೇಲೆಕೇರಿ: ಮಾಡಿನ ಜಗಳದಲ್ಲಿ ದೋಣಿ ಮರೆತಿರಿ. ತಮಾ, ಮೊದಲು ಗಾಳಿ ತಿರುಗುವ ಬಗೆ ತಿಳಿದುಕೋ. ನಮ್ಮಲ್ಲಿ ತೂಫಾನು ಹೆಚ್ಚಾಗಿ ದಡಕ್ಕೆ ನೇರ ಬಡಿಯುವುದಿಲ್ಲ, ಲಕ್ಷದ್ವೀಪದ ಕಡೆಯಿಂದ ಬಡಗಕ್ಕೆ ಪಕ್ಕದಲ್ಲೇ ಹಾದು ಹೋಗುತ್ತದೆ. ತೌಕ್ತೆ ಹಾಗೆಯೇ ಹೋಗಿ ಗುಜರಾತಿನಲ್ಲಿ ದಡ ಹತ್ತಿತು. ತೂಫಾನಿನ ಸುಳಿ ನಮ್ಮ ತೆಂಕಣ-ಪಡುವಣದಲ್ಲಿದ್ದಾಗ ಗಾಳಿ ಆಗ್ನೇಯದಿಂದ, ನೇರ ಪಡುವಣಕ್ಕೆ ಬಂದಾಗ ತೆಂಕಣದಿಂದ, ಮುಂದೆ ದಾಟಿದ ಮೇಲೆ ನೈಋತ್ಯದಿಂದ. ಮೊದಲ ಗಾಳಿ ಗುಡ್ಡದ ಕಡೆಯಿಂದ ಬರುವುದರಿಂದ ದಡದ ಬಳಿ ಸಮುದ್ರ ಸಪಾಟು ಕಾಣುತ್ತದೆ. ಅದನ್ನು ನೋಡಿ ದೋಣಿ ಕಟ್ಟಿದ ಜಾಗ ನೈಋತ್ಯದ ಗಾಳಿಗೆ ಬಾಯಿ ತೆರೆದಿರುತ್ತದೆ.

ನೀರಲ್ಲಿ ಬಿಡುವುದಾದರೆ ಅಳಿವೆಯ ಒಳಗೆ, ತಿರುವಿನ ಹಿಂದೆ. ಲಂಗರಿನ ಹಗ್ಗ ಉಬ್ಬರದ ಆಳದ ಏಳು ಪಟ್ಟು: ಮೂರು ಮೀಟರ್ ಆಳಕ್ಕೆ 21 ಮೀಟರ್. ನೈಲಾನ್ ಹಗ್ಗವೇ ಆಗಬೇಕು, ಅದು ಎಳೆದಾಗ ಹಿಗ್ಗುತ್ತದೆ. ನೀಲಿ ಪ್ಲಾಸ್ಟಿಕ್ ಹಗ್ಗ ಹಿಗ್ಗದೆ ಜಗ್ಗಿ ಜಗ್ಗಿ ಕೊಂಡಿಯನ್ನೇ ಕೀಳುತ್ತದೆ. ಹಗ್ಗ ಉಜ್ಜುವ ಕಡೆ ಹಳೆ ಪೈಪಿನ ತುಂಡು ತೊಡಿಸು. ನನ್ನ ಹಗ್ಗ ಕಡಿದದ್ದು ಅಂಗೈ ಅಗಲದ ಆ ಒಂದೇ ಜಾಗದಲ್ಲಿ, ಮಿಕ್ಕಿದ್ದೆಲ್ಲ ಹೊಸದರಂತೆ ಇತ್ತು. ದೋಣಿಯ ಮೂತಿ ರಿಪೇರಿಗೆ 31,000, ನೀರು ಕುಡಿದ ಎಂಜಿನ್‌ಗೆ 18,500.

22 ಅಡಿಯದಾದರೆ ದಡಕ್ಕೆ ಎಳೆಯುವುದೇ ಮೇಲು. ಎಂಜಿನ್ ಕಳಚಿ ಮನೆಗೆ. ಮರಳಲ್ಲಿ ಗೂಟ ನಿಲ್ಲುವುದಿಲ್ಲ. ಮೂರಡಿ ಆಳದಲ್ಲಿ ತೆಂಗಿನ ಕಾಂಡದ ತುಂಡನ್ನು ಅಡ್ಡ ಹೂತು, ಅದರ ನಡುವಿಗೆ ಹಗ್ಗ ಕಟ್ಟು. ನಿಂತ ತೆಂಗಿನ ಮರಕ್ಕೆ ಕಟ್ಟಬೇಡ. ದೋಣಿ ತಳದ ತೂತಿಗೆ ಬಿರಡೆ ಹಾಕಿಡು, ಮಳೆನೀರು ತುಂಬಿ ದೋಣಿ ಭಾರವಾಗಲಿ.

ಬೈತಖೋಲ: ಬಿರಡೆ ಹಾಕಿಡುವುದು ತಪ್ಪು. ಪೂರ್ತಿ ತುಂಬಿದರೆ ಎರಡು ಟನ್ ಮೀರಿದ ನೀರು. ದೋಣಿಯಡಿಯ ಮರಳು ಒಂದೇ ಕಡೆ ಕೊರೆದು ಹೋದರೆ ತಳವೇ ಸೀಳುತ್ತದೆ. ಬಿರಡೆ ತೆಗೆದು ಮರಳಿನ ಚೀಲ ಹಾಕಿ.

ಬೇಲೆಕೇರಿ: ಮರಳಿನ ಚೀಲ ಉಜ್ಜಿ ಒಳಗಿನ ಜೆಲ್ ಕೋಟ್ ಲೇಪ ಹೋದರೆ ಯಾರು ಕೊಡುತ್ತಾರೆ, ನೀವಾ? ಬಂದರಿನ ಮರೆಯಲ್ಲಿ ಕೂತವರಿಗೆ ಬಯಲು ದಡದ ಗಾಳಿ ಗೊತ್ತಾಗುವುದಿಲ್ಲ.

ಮಾಣಿಕಟ್ಟಾ: ಇಬ್ಬರೂ ಗಾಳಿಯಲ್ಲೇ ಇದ್ದೀರಿ. ಅಳಿವೆಯ ಪಕ್ಕದ ಮನೆಗೆ ನೀರೇ ಮೊದಲ ಶತ್ರು. ಕಾಳಿ ಹೊಳೆಗೆ ಕದ್ರಾ ಅಣೆಕಟ್ಟು ಇದೆ, ಶರಾವತಿಗೆ ಗೇರುಸೊಪ್ಪ ಇದೆ, ನೀರು ಬಿಡುವ ಮೊದಲು ಸೂಚನೆ ಬರುತ್ತದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ, ಘಟ್ಟದಲ್ಲಿ ಸುರಿದದ್ದು ನೇರ ಇಳಿಯುತ್ತದೆ. ಅದೇ ಹೊತ್ತಿಗೆ ಉಬ್ಬರವಿದ್ದರೆ ಹೊಳೆ ಸಮುದ್ರಕ್ಕೆ ಹೋಗಲಾರದೆ ಹಿಂದಕ್ಕೆ ಹಬ್ಬುತ್ತದೆ. ಗಜನಿಯ (ಉಪ್ಪುನೀರಿನ ಪಕ್ಕದ ಗದ್ದೆಯ) ಕಟ್ಟೆ ಒಡೆಯುವುದು ಆಗಲೇ. ಕಗ್ಗ ಭತ್ತ ಉಪ್ಪು ತಾಳುತ್ತದೆ, ಬಾವಿ ತಾಳುವುದಿಲ್ಲ.

ಮಳೆಯ ಅಲರ್ಟಿನ ಬಣ್ಣ ಮಳೆಯ ಪ್ರಮಾಣ ಹೇಳುತ್ತದೆ. ಆರೆಂಜ್ ಎಂದರೆ 24 ಗಂಟೆಯಲ್ಲಿ 115.6ರಿಂದ 204.4 ಮಿ.ಮೀ., ರೆಡ್ ಅದಕ್ಕಿಂತ ಮೇಲೆ. ಅಲೆಯ ಎಚ್ಚರಿಕೆ ಬೇರೆ, ಸಮುದ್ರದ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಇನ್‌ಕಾಯಿಸ್ ಕೊಡುವುದು. ಅದರಲ್ಲಿ ಎತ್ತರದ ಜೊತೆ ಸೆಕೆಂಡ್, ಅಂದರೆ ಒಂದು ಅಲೆಗೂ ಮುಂದಿನದಕ್ಕೂ ನಡುವಿನ ಹೊತ್ತು ನೋಡಿ: 15 ಸೆಕೆಂಡ್ ಮೀರಿದ ಅಲೆ ಎತ್ತರ ಕಡಿಮೆಯಿದ್ದರೂ ದಡದ ಮೇಲೆ ಬಹಳ ದೂರ ಏರುತ್ತದೆ.

ಪಂಚಾಂಗವನ್ನೂ ನೋಡಿ, ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರ ಹೆಚ್ಚು. ತೌಕ್ತೆ ಬಂದದ್ದು ಮೇ 15-16ಕ್ಕೆ, ಅಮಾವಾಸ್ಯೆ 11ಕ್ಕೇ ಮುಗಿದಿತ್ತು, ಉಬ್ಬರ ಇಳಿಮುಖ. 2019ರ ಕ್ಯಾರ್ ತೂಫಾನು ನಮ್ಮ ದಡ ಮುಟ್ಟಲೇ ಇಲ್ಲ, ಪಶ್ಚಿಮಕ್ಕೆ ತಿರುಗಿ ಹೋಯಿತು, ಆದರೆ ಬಂದದ್ದು ದೀಪಾವಳಿ ಅಮಾವಾಸ್ಯೆಗೆ. ಅಮ್ಮನನ್ನು ಕರೆದೊಯ್ಯುವ ದಿನ ನಿರ್ಧರಿಸಬೇಕಾದ್ದು ಹೀಗೆ: ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಚೀಚೆ ಎರಡು ದಿನ, ಅಲೆಯ ಎಚ್ಚರಿಕೆ, ಘಟ್ಟಕ್ಕೆ ರೆಡ್, ಈ ಮೂರರಲ್ಲಿ ಎರಡು ಕೂಡಿದರೆ ಹಗಲಲ್ಲೇ ಹೊರಡಿ.

ಶಿರಸಿ ತೋಟ: ಘಟ್ಟಕ್ಕೆ ರೆಡ್ ಎಂದು ನೀವು ನೀರಿನ ಲೆಕ್ಕಕ್ಕೆ ಮಾತ್ರ ಹೇಳುತ್ತೀರಿ. ಇಲ್ಲಿಯ ಹಾನಿ ಯಾರೂ ಎಣಿಸುವುದಿಲ್ಲ. ಇಳಿಬಿಸಿಲಿಗೆ ಅಡಿಕೆ ಮರದ ನೈಋತ್ಯದ ಮೈ ಸುಟ್ಟು ಸೀಳಿರುತ್ತದೆ. ಗಾಳಿ ಬಂದರೆ ಮುರಿಯುವುದು ಆ ಸೀಳಿನಲ್ಲೇ. ತೋಟದ ಅಂಚಿನ ಮರಗಳ ಕಾಂಡಕ್ಕೆ ಸುಣ್ಣ ಬಳಿಯಬೇಕು, ಇಲ್ಲವೇ ಒಣ ಸೋಗೆ ಕಟ್ಟಬೇಕು. ನನ್ನದು 46 ಮರ ಹೋಯಿತು, ಹೊಸ ಸಸಿ ಫಸಲಿಗೆ ಬರಲು ಐದಾರು ವರ್ಷ. ಅಕ್ಟೋಬರ್-ನವೆಂಬರಿನ ತೂಫಾನಾದರೆ ಬೇಯಿಸಿದ ಅಡಿಕೆಗೆ ಮೂರು ದಿನ ಬಿಸಿಲಿಲ್ಲದೆ ಬೂಷ್ಟು.

ಬೇಲೆಕೇರಿ: ಅಡಿಕೆ ಹೋದರೆ ಮರ ನೆಡಬಹುದು. ಇಲ್ಲಿ ಜನ ಹೋಗುತ್ತಾರೆ. ಈ ಪ್ರಶ್ನೆಯಲ್ಲಿ ತೋಟ ಎಲ್ಲಿದೆ?

ಶಿರಸಿ ತೋಟ: ಅಮ್ಮನನ್ನು ಎಲ್ಲಿಗೆ ಕಳಿಸುತ್ತೀರಿ? ಘಟ್ಟ ಹತ್ತಿಸಿಯೇ ಅಲ್ಲವೇ? ಕುಮಟಾ-ಶಿರಸಿ ರಸ್ತೆಯ ದೇವಿಮನೆ ಘಟ್ಟದಲ್ಲಿ ಧರೆ ಕುಸಿದರೆ ರಸ್ತೆ ಇಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಬಂತು.

ತದಡಿ: ಎಲ್ಲರಿಗೂ ನಮಸ್ಕಾರ. ರೀಪು ಕುಟ್ಟಿ ನೋಡಿದೆ, ಬಡಗಣ ಬದಿಯ ಆರು ಟೊಳ್ಳು. ಮೊದಲು ಅದನ್ನು ಬದಲಿಸುತ್ತೇನೆ, ಆಮೇಲೆ ಹಂಚಿಗೆ ತಂತಿ. ಚಾವಡಿಯ ಶೀಟ್‌ನ ಸೂರು ಎರಡಡಿ ನಾಲ್ಕು ಇಂಚು ಚಾಚಿದೆ, ಕತ್ತರಿಸಿದರೆ ಗೋಡೆಗೆ ಮಳೆ ಹೊಡೆಯುವುದಿಲ್ಲವೇ?

ಬೈತಖೋಲ: ಕತ್ತರಿಸಬೇಡಿ. ಸೂರಿನ ಅಂಚಿಗೆ ಒಂದು ಪೈಪು ಕೊಟ್ಟು, ನಾಲ್ಕಡಿಗೊಂದರಂತೆ ಗೋಡೆಗೆ ಓರೆಯಾಗಿ ಆಸರೆಯ ಕೈ ಹಾಕಿಸಿ. ಗೋಡೆಯಲ್ಲಿ ಬೋಲ್ಟ್ ಆರು ಇಂಚು ಒಳಗೆ ಹೋಗಲಿ, ಚಿರೆಕಲ್ಲಿನ ಸಂದಿಯಲ್ಲಿ ಬೇಡ, ಕಲ್ಲಿನ ನಡುವೆ.