ಸೆಕೆಂಡ್ ಹ್ಯಾಂಡ್ ಸಾಫ್ಟ್‌ವೇರ್ ಲೈಸೆನ್ಸ್ ಹರಾಜಿನ್ಯಾಗ ಬಿಡ್ ಹಾಕೀನಿ, ಈಗ ಹಿಂದ ತಗೋಬೇಕೋ ಬ್ಯಾಡೋ?

ಬೆಟಗೇರಿ_ಡಿಟಿಪಿ:

ಎಲ್ಲಾರಿಗೂ ನಮಸ್ಕಾರ್ರಿ. ಗದಗ ಬೆಟಗೇರಿಯೊಳಗ ನಂದೊಂದು ಸಣ್ಣ ಡಿಟಿಪಿ ಅಂಗಡಿ ಐತಿ, ಲಗ್ನಪತ್ರಿಕಿ, ಬಿಲ್ ಬುಕ್, ಜಾತ್ರಿ ಪಾಂಪ್ಲೆಟ್ ಇಂಥಾ ಕೆಲ್ಸ. ಇಷ್ಟು ವರ್ಷ ಡಿಸೈನ್ ಸಾಫ್ಟ್‌ವೇರಿನ ಕ್ರ್ಯಾಕ್ ಮಾಡಿದ, ಅಂದ್ರ ರೊಕ್ಕ ಕೊಡದಾ ಲಾಕ್ ಮುರಿದ ಕಾಪಿಯೊಳಗ ದುಡಿದೀನಿ, ಮುಚ್ಚಿಡೂದಿಲ್ಲ, ಈ ವರ್ಷ ಒರಿಜಿನಲ್ ತಗೊಂಡಬಿಡಬೇಕಂತ ಮನಸ್ಸು ಮಾಡೀನಿ. ತಿಂಗಳ ತಿಂಗಳ ಬಾಡಿಗಿ ಕಟ್ಟೋ ಪ್ಲಾನ್ ನಮಗ ಆಗಿಬರಂಗಿಲ್ರಿ, ಆಷಾಢದಾಗ ಲಗ್ನಾನ ಇರಂಗಿಲ್ಲ, ಲಗ್ನ ಇಲ್ಲಂದ್ರ ಗಲ್ಲಾಕ್ಕ ರೊಕ್ಕ ಬರಂಗಿಲ್ಲ.

ಆನ್‌ಲೈನ್ ಹರಾಜಿನ್ಯಾಗ ಬೆಂಗಳೂರಿನವ್ರೊಬ್ರು ಬಂದ್ ಆದ ಡಿಸೈನ್ ಆಫೀಸಿನ ಲೈಸೆನ್ಸ್ ಇಟ್ಟಾರ, ಹಳೇ ವರ್ಷನ್, ಪರ್ಮನೆಂಟ್, 5 ಯೂಸರ್ (ಅಂದ್ರ ಐದು ಮಂದಿ ಬಳಸಬಹುದು). ನಾ ಮ್ಯಾಕ್ಸಿಮಮ್ 12,000 ಹಾಕೀನಿ, ಸದ್ಯ 9,500ಕ್ಕ ನಂದಾ ಮುಂದೈತಿ, ನಾಡದು ರಾತ್ರಿ 9ಕ್ಕ ಮುಗೀತೈತಿ.

ಈಗ ಎರಡು ತ್ರಾಸ ಬಂದಾವು. ನನ್ನ ಹಿಂದ ಬಿಡ್ ಹಾಕ್ತಿದ್ದವ ಹುಬ್ಬಳ್ಳಿಯ ನನ್ನ ದೋಸ್ತಾನ ಅಂತ ನಿನ್ನೆ ಗೊತ್ತಾತು, ಅವ ಫೋನ್ ಮಾಡಿ "ನಾ ಇನ್ನ ಏರಸೂದಿಲ್ಲ, ಅಗ್ಗಕ್ಕ ನಿನಗ ಬರತೈತಿ, ಆಮ್ಯಾಲ ಮೂರು ನಿನಗ ಎರಡು ನನಗ" ಅಂದ. ಎರಡನೇದು, ಸೆಲ್ಲರ್‌ಗೆ ಮೆಸೇಜ್ ಹಾಕಿ ಎಲ್ಲಾ ಸಿಸ್ಟಮ್ಮಿಂದ ತೆಗೆದು ಕೊಡ್ತೀರಿಲ್ಲೋ ಅಂತ ಕೇಳಿದ್ರ, "ಮಗಳ ಲ್ಯಾಪ್‌ಟಾಪಿನಲ್ಲಿ ಒಂದು ಹಾಗೇ ಇರುತ್ತೆ, ಕಲೀತಿದ್ದಾಳೆ, ನಿಮಗೇನೂ ತೊಂದ್ರೆ ಆಗಲ್ಲ" ಅಂತ ಬರದಾರ. ಬಿಡ್ ಹಿಂದ ತಗೊಂಡ್ರ ಕೊಟ್ಟ ಮಾತು ಮುರಿದಂಗ, ಬಿಡ್ ಹಂಗಾ ಇಟ್ರ ಮತ್ತ ಕಳ್ಳ ಮಾಲಿನ್ಯಾಗಾ ಬಿದ್ದಂಗ. ರಾತ್ರಿ ನಿದ್ದಿ ಹತ್ತಲಿಲ್ರಿ, ತಿಳಿದವ್ರು ಹೇಳ್ರಿ.

ಲೈನ್‌ಬಜಾರ್_ವಕೀಲ:

ಅಣ್ಣಾ, ಸೈಕಲ್ ಮಾರಿದ್ರ ಸೈಕಲ್ ಮನಿ ಬಿಟ್ಟು ಹೋಗತೈತಿ, ಸಾಫ್ಟ್‌ವೇರ್ ಮಾರಿದ್ರ ಎರಡೂ ಕಡೆ ಉಳೀತೈತಿ, ತಕರಾರೆಲ್ಲಾ ಹುಟ್ಟೋದು ಅಲ್ಲೇ. ಯೂರೋಪಿನ್ಯಾಗ ಹಳೇ ಲೈಸೆನ್ಸ್ ಮಾರೋ ಯೂಸ್ಡ್‌ಸಾಫ್ಟ್ ಅನ್ನೋ ಕಂಪನಿಗೂ ಸಾಫ್ಟ್‌ವೇರ್ ಮಾಡೋ ಒರಾಕಲ್ ಕಂಪನಿಗೂ ಕೇಸ್ ನಡೆದು 2012ರ ಜುಲೈನಾಗ ಅಲ್ಲಿನ ದೊಡ್ಡ ಕೋರ್ಟು, ಪೂರ್ತಿ ರೊಕ್ಕ ಇಸ್ಕೊಂಡು ಕಾಯಂ ಲೈಸೆನ್ಸ್ ಕೊಟ್ಟ ಮ್ಯಾಲ, ಡೌನ್‌ಲೋಡ್ ಮಾಡಿದ್ದಾದ್ರೂ ಸೈತ, ಕೊಂಡವ ಇನ್ನೊಬ್ಬರಿಗೆ ಮಾರಬಹುದು ಅಂತ ಹೇಳ್ತು. ಆದ್ರ ಮಾರೋವಾಗ ತನ್ನ ಕಡೆ ಇರೋ ಕಾಪಿ ಕೆಲ್ಸಕ್ಕ ಬಾರದಂಗ ಮಾಡ್ಬೇಕು, ಮತ್ತ ಇಷ್ಟು ಯೂಸರ್ ಅಂತ ಗಂಟಾಗಿ ಕೊಂಡಿದ್ದನ್ನ ಬಿಚ್ಚಿ ಚೂರು ಮಾಡಿ ಮಾರಂಗಿಲ್ಲ. ಅಲ್ಲಿ 25 ಯೂಸರಿನ ಗಂಟು ಇತ್ತು, ನಿಮ್ಮದು 5ರದ್ದು. ಅಂದ್ರ ಮಾರಾಕ ಅವಕಾಶ ಇರೋ ಊರಾಗೂ ನಿಮ್ಮ ಸೆಲ್ಲರ್ ಮಾಡೋದು ನಡೆಯಂಗಿಲ್ಲ, ನಿಮ್ಮ ದೋಸ್ತ ಹೇಳೋದೂ ನಡೆಯಂಗಿಲ್ಲ.

ಅಮೇರಿಕಾದಾಗ 2010ರಾಗ ಇದರ ಉಲ್ಟಾ ಆತು. ಒಬ್ಬವ ನಕ್ಷಾ ಬಿಡಿಸೋ ಸಾಫ್ಟ್‌ವೇರ್ ಆಟೋಕ್ಯಾಡಿನ ಹಳೇ ರಿಲೀಸ್ 14ನ್ನ ಇಬೇ ಅನ್ನೋ ಆನ್‌ಲೈನ್ ಹರಾಜಿನ ಸೈಟಿನ್ಯಾಗ ಮಾರಾಕ ಇಟ್ಟಿದ್ದ, ಅವಗ ಕೊಟ್ಟ ಆರ್ಕಿಟೆಕ್ಟ್ ಆಫೀಸಿನವ್ರು ಕಮ್ಮಿ ರೇಟಿಗೆ ಮುಂದಿನ ವರ್ಷನ್ ಅಪ್‌ಗ್ರೇಡ್ ತಗೊಂಡಿದ್ರು, ಹಳೇದನ್ನ ನಾಶ ಮಾಡ್ಬೇಕಿತ್ತು, ಮಾಡಿರಲಿಲ್ಲ. ಆ ಆಫೀಸಿನವ್ರು ಮಾಲಕರಾ ಅಲ್ಲ, ಬರೇ ಲೈಸೆನ್ಸ್ ಪಡೆದವ್ರು, ಅದಕ್ಕ ಅದನ್ನ ಮುಂದ ಮಾರಾಕ ಬರಂಗಿಲ್ಲ ಅಂತ ಕೋರ್ಟ್ ಹೇಳ್ತು. ಹಂಗಾಗಿ ಸೆಲ್ಲರ್‌ಗೆ ಇನ್ನೊಂದು ಮಾತು ಕೇಳ್ರಿ, ಈ ಲೈಸೆನ್ಸ್ ಮ್ಯಾಲ ಅಪ್‌ಗ್ರೇಡ್ ತಗೊಂಡೀರೇನು ಅಂತ.

ನಮ್ಮಲ್ಲಿ 1957ರ ಕಾಪಿರೈಟ್ ಕಾಯ್ದೆ ಐತಿ. ಕಂಪ್ಯೂಟರ್ ಪ್ರೋಗ್ರಾಮಿನ ಕಾಪಿ ಮಾರೋ ಹಕ್ಕು ಕಾಪಿರೈಟ್ ಇದ್ದವಂದು ಅನ್ನೋದರ ಜೋಡಿ "ಮೊದಲು ಮಾರಿದ್ದಾದ್ರೂ" ಅನ್ನೋ ಅರ್ಥದ ಮಾತು ಅದರಾಗ ಇತ್ತು, 1999ರ ತಿದ್ದುಪಡಿಯೊಳಗ ತೆಗೆದ್ರು. ಅಂದ್ರ ಒಮ್ಮೆ ಮಾರಿದ ಕಾಪಿನ ಮತ್ತ ಮಾರಬಹುದು ಅಂತ ವಾದ ಮಾಡಾಕ ಜಾಗಾ ಆತು, ಆದ್ರ ಅಷ್ಟಕ್ಕ ಖುಷಿ ಪಡಬ್ಯಾಡ್ರಿ, ಲೈಸೆನ್ಸ್ ಕರಾರಿನ್ಯಾಗ ಟ್ರಾನ್ಸ್‌ಫರ್ ಬಗ್ಗೆ ಏನ್ ಬರದಾರ ಅದನ್ನ ಮೊದಲು ಓದ್ರಿ. ಮತ್ತ ಅಕ್ರಮ ಕಾಪಿ ಅಂತ ಗೊತ್ತಿದ್ದೂ ಕಂಪ್ಯೂಟರಿನ್ಯಾಗ ಬಳಸಿದ್ರ 63ಬಿ ಸೆಕ್ಷನ್ ಪ್ರಕಾರ 7 ದಿನದಿಂದ 3 ವರ್ಷದ ತನಕ ಜೈಲು, 50,000ದಿಂದ 2 ಲಕ್ಷ ದಂಡ. ನಿಮಗ ಈಗ ಗೊತ್ತೈತಿ, ಮೆಸೇಜ್ ನಿಮ್ಮ ಫೋನಿನ್ಯಾಗಾ ಐತಿ.

ಹಳೇ_ಹುಬ್ಬಳ್ಳಿ_ಸಿಸ್ಟಮ್:

ಇಷ್ಟಾಕ್ಯಾಕ ತಲಿ ಕೆಡಿಸ್ಕೋತೀರಿ. ಹಳೇ ವರ್ಷನ್, ಕಂಪನಿ ತಾನಾ ಮಾರೂದು ಬಿಟ್ಟೈತಿ, ಒಂದು ಹುಡುಗಿ ಕಲ್ತ್ರ ಯಾರಿಗೇನ್ ಲುಕ್ಸಾನು? ದೋಸ್ತರು ಮಾತಾಡ್ಕೊಳ್ಳೋದೂ ತಪ್ಪೇನಲ್ಲ, ರೊಕ್ಕ ನಿಮ್ದು, ಬಿಡ್ ಹಾಕಲೇಬೇಕು ಅಂತ ಯಾರೂ ಕುತ್ತಿಗಿ ಹಿಡಿದಿಲ್ಲ.

ಬ್ಯಾಡಗಿ_ರೈತನ_ಮಗ:

ಹಳೇ ಹುಬ್ಬಳ್ಳಿ ಅಣ್ಣನ ಕಡೀ ಮಾತು ನಾ ಒಪ್ಪೂದಿಲ್ಲ. ನಮ್ಮಪ್ಪ ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ತರ್ತಾನ, ಸಣ್ಣಾಂವಿದ್ದಾಗಿಂದ ನಾನೂ ಚೀಲದ ಮ್ಯಾಲ ಕುಂತು ನೋಡೀನಿ. ಖರೀದಿದಾರ್ರು ಬಂದು ಒಂದು ಕಾಯಿ ಎತ್ತಿ ಮುರಿದು ಬೀಜ ನೋಡ್ತಾರ, ಮೂಸ್ತಾರ, ಅಂಗೈಯಾಗ ತಿಕ್ಕಿ ಬಣ್ಣ ನೋಡ್ತಾರ, ಆಮ್ಯಾಲ ಇ-ಟೆಂಡರಿನ್ಯಾಗ ತಮ್ಮ ತಮ್ಮ ರೇಟ್ ಹಾಕ್ತಾರ, ಒಬ್ಬರದ್ದು ಇನ್ನೊಬ್ಬರಿಗೆ ಕಾಣಬಾರದು. ಯಾಕ? ಖರೀದಿದಾರ್ರು ನಾಲ್ಕು ಮಂದಿ ಚಾದಂಗಡ್ಯಾಗ ಕುಂತು "ಈ ಲಾಟು ನಿನಗ, ಆ ಲಾಟು ನನಗ" ಅಂದ್ರ ನಮ್ಮಪ್ಪನ ವರ್ಷದ ದುಡಿಮಿ ಅಲ್ಲೇ ಹೋತು. ನೀವು 12,000ಕ್ಕ ತಯಾರಿದ್ರಿ, ದೋಸ್ತ ಏರಿಸಲಿಲ್ಲಂದ್ರ 9,500ಕ್ಕ ಸಿಗತೈತಿ, ಆ 2,500 ಮಾರಾವನ ಕಿಸೆದಿಂದ ಹೋತಲ್ಲ? ಅವ ಮಗಳ ಲ್ಯಾಪ್‌ಟಾಪಿನ್ಯಾಗ ಕಾಪಿ ಇಟ್ಕೊಂಡಿದ್ದು ಅವನ ತಪ್ಪು, ಅದಕ್ಕ ನಾವು ಗುಂಪು ಕಟ್ಟಿ ರೇಟ್ ಇಳಿಸಿದ್ರ ತೀರಂಗಿಲ್ಲ, ಎರಡು ತಪ್ಪಾಗತಾವು ಅಷ್ಟಾ.

ಸುಮ್ನ ನಿಂತಿದ್ರ ಬ್ಯಾರೆ. ನಿಮ್ಮ ದೋಸ್ತಗ ಬಜೆಟ್ ಮುಗೀತು, ನಿಂತ, ಅದು ಅವನಿಷ್ಟ. ಕಡೀ ಹತ್ತು ಸೆಕೆಂಡಿಗೆ ಬಂದು ಬಿಡ್ ಹಾಕಿದ್ರೂ ನಾ ತಪ್ಪಂತ ಹೇಳಂಗಿಲ್ಲ, ನೀವು ಮೊದಲಾ ಮ್ಯಾಕ್ಸಿಮಮ್ ಹಾಕಿಟ್ರ ಸಿಸ್ಟಮ್ ತಾನಾ ಏರಿಸ್ಕೋತ ಹೋಗತೈತಿ. ಹಂಚ್ಕೊಳ್ಳೋ ಕರಾರು ಮಾಡ್ಕೊಂಡು ನಿಲ್ಲೋದು ಮಾತ್ರ ಬ್ಯಾಡ್ರಿ, ಕೈ ಮುಗಿದು ಹೇಳ್ತೀನಿ.

ಲೈನ್‌ಬಜಾರ್_ವಕೀಲ:

ಬ್ಯಾಡಗಿಯವ್ರು ಬರೋಬ್ಬರಿ ಹೇಳಿದ್ರು. ಬಿಡ್ ಹಿಂದ ತಗೊಳ್ಳೋದರ ಬಗ್ಗೆ ಇಷ್ಟಾ. ನೀವು ಮಾತು ಕೊಟ್ಟಿದ್ದು ಲಿಸ್ಟಿಂಗಿನ್ಯಾಗ ಬರದ ಮಾಲಿಗೆ, "5 ಯೂಸರ್, ಪೂರ್ತಿ ಟ್ರಾನ್ಸ್‌ಫರ್" ಅಂತಿದ್ರ ಈಗ ಅವ್ರು ಕೊಡೋದು ಬ್ಯಾರೆ ಮಾಲು, ಮಾತು ಮುರಿದವ್ರು ಅವ್ರು. ಬಿಡ್ ಹಿಂದ ತಗೊಳ್ಳೋದಾದ್ರ ಇವತ್ತಾ ತಗೋರಿ, ಕಾರಣ ಬರದು, ಉಳಿದವ್ರಿಗೆ ಇನ್ನೂ ಟೈಮ್ ಐತಿ. ಗೆದ್ದು ರೊಕ್ಕ ಕಟ್ಟದಾ ಮಾಯ ಆಗೋದು ಎಲ್ಲಕ್ಕಿಂತ ಕೆಟ್ಟದ್ದು, ಹರಾಜಿಗಂತ ಕುಂತವ್ರೆಲ್ಲರ ಟೈಮೂ ಹಾಳು.

ಬೆಟಗೇರಿ_ಡಿಟಿಪಿ:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಲಿಸ್ಟಿಂಗ್ ಮತ್ತ ಓದಿದೆ, ಪೂರ್ತಿ ಟ್ರಾನ್ಸ್‌ಫರ್ ಅಂತಾನ ಐತಿ. ಸೆಲ್ಲರ್‌ಗೆ ಬಿಲ್ಲು ಮತ್ತ ಅಪ್‌ಗ್ರೇಡ್ ವಿಚಾರ ಕೇಳಿದೆ, ಬಿಲ್ಲು ಸಿಗ್ತಿಲ್ಲ, ಅಪ್‌ಗ್ರೇಡ್ ತಗೊಂಡಿದ್ದು ಹೌದು ಅಂದ್ರು. ಕಾರಣ ಬರದು ಬಿಡ್ ವಾಪಸ್ ತಗೊಂಡೆ. ಈಗ ದೋಸ್ತಂದಾ ಮುಂದಾತಲ್ಲ, ಅವಗ ಫೋನ್ ಮಾಡಿ ಎಲ್ಲಾ ಹೇಳಿದೆ, ಮೊದಲು ಸಿಟ್ಟಿಗೆದ್ದ, ಆಮ್ಯಾಲ ತಾನೂ ಸೆಲ್ಲರ್‌ಗೆ ಮೆಸೇಜ್ ಹಾಕ್ತೀನಿ ಅಂದಾನ.

ಹೊಸಾದು ಸಿಂಗಲ್ ಲೈಸೆನ್ಸ್ ತಗೊಳ್ಳಾಕ ರೊಕ್ಕ ಕೂಡಸ್ಬೇಕು, ಅಲ್ಲೀತನಕ ಕ್ರ್ಯಾಕ್ ತೆಗೆದು ಇಂಕ್‌ಸ್ಕೇಪ್ ಅನ್ನೋ ಡಿಸೈನ್ ಸಾಫ್ಟ್‌ವೇರ್ ಹಾಕೀನಿ, ಅದು ಫ್ರೀ. ಯೂನಿಕೋಡ್ ಫಾಂಟಿನ್ಯಾಗ ಒತ್ತಕ್ಷರ ಚಲೋ ಬರ್ತಾವು, ಒಂದು ಗೃಹಪ್ರವೇಶದ ಕಾರ್ಡ್ ಮಾಡಿ ಕೊಟ್ಟೂ ಬಿಟ್ಟೆ. ಆದ್ರ ಹತ್ತು ವರ್ಷದ ಹಳೇ ಫೈಲೆಲ್ಲಾ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಿನ ಹಳೇ ಫಾಂಟಿನ್ಯಾಗ ಅದಾವು, ಅವನ್ನ ಒಟ್ಟಿಗೆ ಯೂನಿಕೋಡಿಗೆ ತರೋದು ಹೆಂಗ ಅಂತ ಯಾರಾದ್ರೂ ಹೇಳ್ತೀರೇನ್ರಿ?